ಏಳನೇ ಆಮೆಯ ಹೊಟ್ಟೆ

ಮಿಕುಲೊವ್, ಮೊರಾವಿಯಾ
12 ಏಪ್ರಿಲ್ 2024

ಮಾನ್ಯ ವಿಂಕೊ ಕೊರೆನ್ ಅವರಿಗೆ,

ಹೋದ ಸೆಪ್ಟೆಂಬರ್‌ನಲ್ಲಿ ಬ್ರನೋದ ಸರೀಸೃಪ ಮೇಳದಲ್ಲಿ ನನ್ನ ಮೇಜಿನಿಂದ ನೀವು ಒಂದು ಆಮೆಮರಿ ಕೊಂಡಿರಿ. ಹಲ್ಲಿಗಳನ್ನು ಡಬ್ಬಿಯಲ್ಲಿಟ್ಟು ಮಾರುವವನಿಗೂ ಸಾಸೇಜ್ ಅಂಗಡಿಗೂ ನಡುವೆ ಹಸಿರು ಸ್ವೆಟರ್ ತೊಟ್ಟು ಕೂತಿದ್ದ ದಪ್ಪ ಹೆಂಗಸು ನಾನು, ಯಾರ್ಮಿಲಾ ಹುಡ್ಸೊವಾ. ಯೌವನದಲ್ಲಿ ಬ್ರನೋದ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ದುಡಿದಿದ್ದೆ ಎಂದು ನೀವು ಹೇಳಿದ್ದು ನೆನಪಿದೆ, ಆದ್ದರಿಂದ ಚೆಕ್ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಮಾರಾಟದ ಕರಾರಿನಲ್ಲಿ ಫೋನ್ ನಂಬರ್ ಬರೆಯುವ ಜಾಗದಲ್ಲಿ ನೀವು ಗೆರೆ ಎಳೆದುಬಿಟ್ಟಿದ್ದೀರಿ. ಹಾಗಾಗಿ ಅಂಚೆಯೇ ಗತಿ.

ನನ್ನಿಂದ ಒಂದು ತಪ್ಪಾಗಿದೆ. ನೀವು ನನ್ನ ಮೇಜಿನ ಮುಂದೆ ನಿಂತಿದ್ದಾಗ ಪಕ್ಕದಲ್ಲಿ ಇನ್ನೊಬ್ಬರಿದ್ದರು, ನಮ್ಮೂರಿನ ಕ್ಷೌರಿಕ ಒತಾಕರ್ ಪಾವ್ಲಾತ್. ಇಬ್ಬರಿಗೂ ಒಂದೇ ತಾಯಿಯ ಮರಿಗಳನ್ನು ಕೊಟ್ಟೆ. ನನ್ನ ಲೆಕ್ಕದಲ್ಲಿ ಅವು ಏಳನೆಯದು ಮತ್ತು ಎಂಟನೆಯದು. ಅದೇ ಹೊತ್ತಿಗೆ ಹಿಂದಿನ ಸಾಲಿನವನ ಹಾವಿನ ಮರಿಯೊಂದು ಡಬ್ಬಿ ಬಿಟ್ಟು ನನ್ನ ಮೇಜುಬಟ್ಟೆಯ ಕೆಳಗೆ ನುಸುಳಿತು. ಅರ್ಧ ಜನ ಹಾವು ಹುಡುಕಲು, ಇನ್ನರ್ಧ ಜನ ಅದರ ಫೋಟೊ ತೆಗೆಯಲು ಬಗ್ಗಿದರು. ಆ ಗಲಾಟೆಯಲ್ಲಿ ಮರಿಗಳ ಹಳದಿ ಪ್ರಮಾಣಪತ್ರಗಳು ನನ್ನ ಕೈಯಲ್ಲಿ ಅದಲುಬದಲಾದವು. ಏಳನೇ ಮರಿ ಎಂಟನೆಯದರ ಕಾಗದದ ಜೊತೆ ಒತಾಕರನ ಬಳಿ ಹೋಯಿತು. ಎಂಟನೇ ಮರಿ ಏಳನೆಯದರ ಕಾಗದದ ಜೊತೆ ನಿಮ್ಮ ಬಳಿ ಬಂತು.

ಈ ಜಾತಿಯ ಆಮೆಯನ್ನು ಕಾಗದವಿಲ್ಲದೆ ಮಾರುವಂತಿಲ್ಲ, ಕೊಳ್ಳುವಂತಿಲ್ಲ ಎಂದು ನಿಮಗೆ ಗೊತ್ತೇ ಇದೆ. ಮೈಕ್ರೋಚಿಪ್ ಚುಚ್ಚಲು ಮರಿಯ ಮೈ ಸಾಲದು. ಆದ್ದರಿಂದ ಹೊಟ್ಟೆಯ ಮೇಲಿನ ಕಪ್ಪು ಗುರುತಿನ ಫೋಟೊವೇ ಅದಕ್ಕೆ ಹೆಬ್ಬೆಟ್ಟಿನ ಮುದ್ರೆ. ಎಂಟನೆಯದರ ಹೊಟ್ಟೆಯಲ್ಲಿ ಎರಡು ಕಪ್ಪು ಪಟ್ಟಿಗಳು ಕೊನೆಯವರೆಗೆ ತುಂಡಾಗದೆ ಹೋಗುತ್ತವೆ. ಏಳನೆಯದರಲ್ಲಿ ಎಡಪಟ್ಟಿ ನಡುವೆ ತುಂಡಾಗಿದೆ. ವರ್ಷಕ್ಕೊಮ್ಮೆ ಹೊಸ ಫೋಟೊ ಸೇರಿಸಬೇಕು ಎಂಬ ನಿಯಮವನ್ನು ಒತಾಕರ್ ಶ್ರದ್ಧೆಯಿಂದ ಪಾಲಿಸಲು ಹೋಗಿ ಸಿಕ್ಕಿಬಿದ್ದ. ಹೊಟ್ಟೆ ತಾಳೆಯಾಗದೆ ಪರಿಸರ ಕಚೇರಿಯವರು ಅವನ ಆಮೆಯನ್ನು ಮೃಗಾಲಯದ ಕ್ವಾರಂಟೈನ್ ಕೋಣೆಯಲ್ಲಿ ಇಟ್ಟಿದ್ದಾರೆ.

ನಿಮ್ಮಿಂದ ಬೇಕಾದದ್ದು ಇಷ್ಟೇ. ಮರಿಯನ್ನು ಅಂಗಾತ ಮಲಗಿಸಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಹಗಲು ಬೆಳಕಿನಲ್ಲಿ ಹೊಟ್ಟೆಯ ಒಂದು ಫೋಟೊ ತೆಗೆದು ಕಳಿಸಿ. ಎರಡೂ ಕಾಗದಗಳನ್ನು ಸರಿಪಡಿಸಿಕೊಡುತ್ತಾರೆ. ತೊಂದರೆಗೆ ಕ್ಷಮೆ ಇರಲಿ.

ಯಾರ್ಮಿಲಾ ಹುಡ್ಸೊವಾ


ಪ್ತುಯ್, ಸ್ಲೊವೇನಿಯಾ
27 ಏಪ್ರಿಲ್ 2024

ಮಾನ್ಯ ಶ್ರೀಮತಿ ಹುಡ್ಸೊವಾ ಅವರಿಗೆ,

ನಿಮ್ಮ ಪತ್ರ ತಲುಪಿತು. ಹಸಿರು ಸ್ವೆಟರ್ ನೆನಪಿದೆ. ದಪ್ಪ ಎಂದೇನೂ ನನಗೆ ಅನಿಸಿರಲಿಲ್ಲ.

ಆ ಮರಿಯನ್ನು ನನ್ನ ಹೆಂಡತಿ ಜೊಫ್ಕಾಳ ಹುಟ್ಟುಹಬ್ಬಕ್ಕೆಂದು ಕೊಂಡಿದ್ದೆ. ಅವಳು ಅದಕ್ಕೆ ಫಿಗಾ ಎಂದು ಹೆಸರಿಟ್ಟಳು, ಅಂಜೂರ ಎಂದು. ಡಿಸೆಂಬರ್‌ನಲ್ಲಿ ಅವಳು ನೆಲಮಾಳಿಗೆಯ ಮೆಟ್ಟಿಲಿನಿಂದ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆ, ಆಮೇಲೆ ವ್ಯಾಯಾಮದ ಚಿಕಿತ್ಸೆ ಎಂದು ಮಾರ್ಚ್ ನಡುವಿನ ತನಕ ಮನೆಗೆ ಬರಲಿಲ್ಲ. ಬಂದ ಮೇಲೆ ಆಮೆಯೇ ಅವಳ ದಿನಚರಿ. ಬೆಳಗಾದರೆ ಊರುಗೋಲು ಹಿಡಿದು ತೋಟಕ್ಕೆ ಹೋಗುತ್ತಾಳೆ, ಡ್ಯಾಂಡೆಲಿಯನ್ ಸೊಪ್ಪು ಕೊಯ್ಯುತ್ತಾಳೆ, ಕೂತು ಅದರ ಜೊತೆ ಮಾತಾಡುತ್ತಾಳೆ. ಡಾಕ್ಟರು ಹೇಳಿದರೆ ನಡೆಯದವಳು ಆಮೆಗಾಗಿ ನಡೆಯುತ್ತಾಳೆ. ಇಬ್ಬರೂ ಬಹಳ ಸುಖವಾಗಿದ್ದಾರೆ.

ಫೋಟೊ ವಿಷಯ. ನನ್ನ ಹತ್ತಿರ ಇರುವ ಫೋನು ಮಾತಾಡುವುದಕ್ಕೆ ಮಾತ್ರ, ಅದೂ ಅದರ ಮರ್ಜಿ ಬಂದಾಗ. ಆಮೆಯನ್ನು ಅಂಗಾತ ಮಾಡುವುದನ್ನು ಜೊಫ್ಕಾ ಸಹಿಸುವುದಿಲ್ಲ. ಕೊರೆನ್ ಬಳಿ ಇರುವುದು ಕ್ಷೇಮವಾಗಿದೆ ಎಂದು ನೀವೇ ಕಚೇರಿಗೆ ತಿಳಿಸಿದರೆ ಸಾಲದೇ? ಇಷ್ಟು ದಿನದ ಮೇಲೆ ಆಮೆಯನ್ನು ವಾಪಸ್ ಕೊಡಬೇಕು ಎಂದಾದರೆ ಅದು ಆಗದ ಮಾತು. ಮೊದಲೇ ಹೇಳಿಬಿಡುತ್ತೇನೆ.

ಇಲ್ಲಿ ದ್ರಾಕ್ಷಿ ಚಿಗುರಿಗೆ ಮಂಜು ಬಡಿದಿದೆ. ನಿಮ್ಮ ಕಡೆಯೂ ಹಾಗೆಯೇ ಎಂದು ಕೇಳಿದೆ.

ವಿಂಕೊ ಕೊರೆನ್


ಮಿಕುಲೊವ್
6 ಮೇ 2024

ಮಾನ್ಯ ಕೊರೆನ್ ಅವರಿಗೆ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಆಮೆ ವಾಪಸ್ ಬೇಕು ಎಂದು ನಾನು ಕೇಳಿಯೇ ಇಲ್ಲ. ನನಗೆ ಬೇಕಾದದ್ದು ಅದರ ಹೊಟ್ಟೆಯ ಚಿತ್ರ. ನಿಮ್ಮ ಹೆಂಡತಿಯವರ ಕಾಲಿಗೆ ಬೇಗ ಬಲ ಬರಲಿ. ಅವರಿಗೆ ನನ್ನ ಪರವಾಗಿ ಹೇಳಿ: ಅರ್ಧ ನಿಮಿಷ ಅಂಗಾತವಾದರೆ ಆಮೆಗೆ ಏನೂ ಆಗುವುದಿಲ್ಲ, ಅವಮಾನ ಬಿಟ್ಟು.

ಇಲ್ಲಿನ ಪಾಡು ಕೇಳಿ. ಮೊನ್ನೆ ಶುಕ್ರವಾರ ಒತಾಕರನ ಅಂಗಡಿಗೆ ಕೂದಲು ಕತ್ತರಿಸಿಕೊಳ್ಳಲು ಹೋಗಿದ್ದೆ. ಮೊದಲೆಲ್ಲ ಅವನ ಆಮೆ ಅಂಗಡಿಯ ಕಿಟಕಿಯಲ್ಲಿ ಬಿಸಿಲು ಕಾಯುತ್ತಿತ್ತು. ಹೆಸರು ಕ್ನೆಡ್ಲಿಕ್, ನಾವು ಸಾರಿನ ಜೊತೆ ತಿನ್ನುವ ಹಿಟ್ಟಿನ ಉಂಡೆಯ ಹೆಸರು. ಕ್ಷೌರಕ್ಕೆ ಬಂದವರೆಲ್ಲ ಅದನ್ನು ಮಾತಾಡಿಸಿಯೇ ಕುರ್ಚಿಗೆ ಹತ್ತುತ್ತಿದ್ದರು. ಈಗ ಕಿಟಕಿಯಲ್ಲಿ ಬರೀ ಖಾಲಿ ತಟ್ಟೆ.

"ಏನಮ್ಮಾ ಯಾರ್ಮಿಲಾ, ಎಷ್ಟು ವರ್ಷದಿಂದ ನಿನ್ನ ತಲೆ ನನ್ನ ಕೈಲಿದೆ? ಇವತ್ತು ಕತ್ತರಿ ಸ್ವಲ್ಪ ಜಾರಿದ್ರೆ ಬೇಜಾರ್ ಮಾಡ್ಕೋಬೇಡ" ಎಂದ.

"ನಂದೇ ತಪ್ಪು ಕಣೋ, ಜಾರಿಸು" ಎಂದೆ.

"ಕಾನೂನು ಪಾಲಿಸೋಣ ಅಂತ ನಾನಾಗೇ ಫೋಟೊ ಹಿಡ್ಕೊಂಡು ಹೋದೆ ನೋಡು. ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗಾಯ್ತು. ಹೋಗದೇ ಇದ್ದಿದ್ರೆ ಯಾರೂ ಕೇಳ್ತಿರ್ಲಿಲ್ಲ. ಭಾನುವಾರ ಮೃಗಾಲಯಕ್ಕೆ ಟಿಕೆಟ್ ತಗೊಂಡು ಹೋದೆ. ಕ್ವಾರಂಟೈನ್ ಒಳಗೆ ಬಿಡಲ್ವಂತೆ. ಹೊರಗಿಂದ ಗೋಡೆ ನೋಡ್ಕೊಂಡು ಬಂದೆ. ಎಂಥ ಚೆಂದದ ಗೋಡೆ ಗೊತ್ತಾ!"

ಅವನು ನಗಲಿಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎನ್ನುವ ಹಾಗೆ ತಪ್ಪು ನನ್ನದು, ಶಿಕ್ಷೆ ಅವನದು.

ಅಂಗಡಿಯಿಂದ ನೇರ ಪರಿಸರ ಕಚೇರಿಗೆ ಹೋದೆ. ಅಲ್ಲಿರುವ ಅಧಿಕಾರಿ ನನ್ನ ಮಗಳ ವಯಸ್ಸಿನವಳು, ಒರಟಳಲ್ಲ. "ಮೇಡಂ, ನಂಗೂ ಇದು ಇಷ್ಟ ಇಲ್ಲ. ಆದ್ರೆ ಕಾಗದದ ಮೇಲಿರೋ ಹೊಟ್ಟೇನೇ ಬೇರೆ, ನನ್ನ ಕೈಲಿರೋ ಹೊಟ್ಟೇನೇ ಬೇರೆ. ಕಾಡಿಂದ ಕದ್ದು ತಂದೋರೂ ಹೀಗೇ ಯಾವ್ದೋ ಒಂದು ಕಾಗದ ತಂದು ತೋರಿಸ್ತಾರೆ. ನಾನು ಯಾರನ್ನ ನಂಬ್ಲಿ? ಇನ್ನೊಂದನ್ನ ತೋರ್ಸಿ, ಅದಲುಬದಲಾಗಿದೆ ಅಂತ ಬರ್ಕೊಡ್ತೀನಿ. ಜೂನ್ ಮುಗಿಯೋ ತನಕ ಕಾಯ್ತೀನಿ" ಎಂದಳು.

ಜೂನ್ ಮುಗಿದರೆ ಕ್ನೆಡ್ಲಿಕ್ ಮೃಗಾಲಯದ ಸೊತ್ತು. ನನ್ನ ಉಳಿದ ಮರಿಗಳ ಕಾಗದಗಳನ್ನೂ ತಡೆಹಿಡಿದು ಪರಿಶೀಲಿಸುತ್ತಾರೆ, ಸೆಪ್ಟೆಂಬರ್ ಮೇಳದಲ್ಲಿ ನನಗೆ ಮೇಜು ಇರುವುದಿಲ್ಲ. ಅದು ಹೋದರೆ ಹೋಗಲಿ. ಒತಾಕರನ ಅಂಗಡಿಗೆ ಮುಖ ತೋರಿಸುವುದು ಹೇಗೆ? ದಯವಿಟ್ಟು ಫೋಟೊ ಕಳಿಸಿ. ಪಕ್ಕದ ಮನೆಯವರ ಹತ್ತಿರ ಒಳ್ಳೆಯ ಫೋನ್ ಇದ್ದೇ ಇರುತ್ತದೆ.

ಯಾರ್ಮಿಲಾ ಹುಡ್ಸೊವಾ


ಪ್ತುಯ್
20 ಮೇ 2024

ಮಾನ್ಯ ಶ್ರೀಮತಿ ಹುಡ್ಸೊವಾ ಅವರಿಗೆ,

ಕೇಳಿದ ಫೋಟೊ ಇದರ ಜೊತೆ ಇದೆ. ಜೊಫ್ಕಾ ನಿದ್ದೆ ಹೋಗಿದ್ದಾಗ ತೆಗೆದದ್ದರಿಂದ ಬೆಳಕು ಅಷ್ಟಕ್ಕಷ್ಟೆ. ಅಳತೆಪಟ್ಟಿ ಸಿಗಲಿಲ್ಲ. ಇದರಿಂದ ಕೆಲಸ ಆಗುತ್ತದೆ ಎಂದುಕೊಳ್ಳುತ್ತೇನೆ.

ನಿಮ್ಮ ಕ್ಷೌರಿಕರಿಗೆ ಒಳ್ಳೆಯದಾಗಲಿ.

ವಿಂಕೊ ಕೊರೆನ್


ಮಿಕುಲೊವ್
28 ಮೇ 2024

ಕೊರೆನ್ ಅವರೇ,

ಆಮೆ ಸಾಕಲು ತೊಡಗಿ ಇಪ್ಪತ್ತಾರು ವರ್ಷವಾಯಿತು. ನನ್ನನ್ನು ಅಷ್ಟು ದಡ್ಡಿ ಎಂದುಕೊಂಡಿರಾ?

ನೀವು ಕಳಿಸಿದ ಚಿತ್ರದಲ್ಲಿರುವುದು ಏಳನೆಯದೂ ಅಲ್ಲ, ಎಂಟನೆಯದೂ ಅಲ್ಲ. ಅದು ನನ್ನ ಗಾಜಿನಮನೆಯಲ್ಲಿ ಹುಟ್ಟಿದ ಆಮೆಯೇ ಅಲ್ಲ. ನನ್ನ ಮರಿಗಳ ಹೊಟ್ಟೆ ಮೇಣ ಉಜ್ಜಿದ ಹಾಗೆ ನಯವಾಗಿರುತ್ತದೆ, ಅವು ತುಳಿದದ್ದು ಮೆತ್ತನೆ ಮಣ್ಣನ್ನು ಮಾತ್ರ. ಇದರ ಹೊಟ್ಟೆ ಸವೆದಿದೆ, ಗೀರುಬಿದ್ದಿದೆ. ಇದು ಕಲ್ಲಿನ ಮೇಲೆ ಐದಾರು ವರ್ಷ ನಡೆದ ಪ್ರಾಣಿ. ಎಲ್ಲೋ ದಕ್ಷಿಣದ ಕರಾವಳಿಯ ಗುಡ್ಡದಿಂದ ಎತ್ತಿಕೊಂಡು ಬಂದದ್ದು.

ಮೇಳಗಳಲ್ಲಿ ನಿಮ್ಮಂಥವರನ್ನು ಬೇಕಾದಷ್ಟು ಕಂಡಿದ್ದೇನೆ. ಒಳಗೆ ಬಂದು ಕಾಗದ ಇರುವ ಒಂದು ಮರಿ ಕೊಳ್ಳುತ್ತೀರಿ. ಮರಿಯನ್ನು ಯಾರಿಗೋ ಮಾರುತ್ತೀರಿ, ಕಾಗದವನ್ನು ಇಟ್ಟುಕೊಳ್ಳುತ್ತೀರಿ. ಆಮೇಲೆ ಕಾಡಿನ ಆಮೆಗೆ ಆ ಕಾಗದ ಹೊದಿಸಿ ಮರ್ಯಾದಸ್ಥರಾಗುತ್ತೀರಿ. ನಿಮ್ಮಂಥವರಿಂದಲೇ ಇವತ್ತು ಮೇಳದ ಬಾಗಿಲಲ್ಲಿ ಪಶುವೈದ್ಯರು ನಮ್ಮ ಒಂದೊಂದು ಡಬ್ಬಿಯನ್ನೂ ತೆರೆಸಿ ನೋಡುತ್ತಾರೆ. ಹಳೆಯ ಸಾಕಣೆದಾರರಲ್ಲಿ ಅರ್ಧದಷ್ಟು ಜನ ಈ ಕಾಗದ, ಫೋಟೊ, ತಪಾಸಣೆ ಸಾಕಪ್ಪಾ ಎಂದು ಮೇಜು ಬಿಟ್ಟುಕೊಟ್ಟಿದ್ದಾರೆ. ಸೊಂಟ ಮುರಿದ ಹೆಂಡತಿಯ ಕಥೆ ಕೇಳಿ ನಾನು ಮರುಗಿದ್ದೂ ಮರುಗಿದ್ದೇ. ಹೆಂಡತಿ ಎನ್ನುವವರು ಇದ್ದಾರೋ ಇಲ್ಲವೋ!

ಹತ್ತು ದಿನ ಸಮಯ ಕೊಡುತ್ತೇನೆ. ಎಂಟನೆಯದು ಎಲ್ಲಿದೆ ಎಂದು ತಿಳಿಸಿ. ಇಲ್ಲವಾದರೆ ಈ ಫೋಟೊ ನೇರವಾಗಿ ಅಧಿಕಾರಿಯ ಮೇಜಿಗೆ ಹೋಗುತ್ತದೆ.

ಯಾ. ಹುಡ್ಸೊವಾ


ಪ್ತುಯ್
4 ಜೂನ್ 2024

ಶ್ರೀಮತಿ ಹುಡ್ಸೊವಾ,

ಹೆಂಡತಿ ಇದ್ದಾಳೆ. ಈಗ ಕಿಟಕಿಯ ಆಚೆ ಕೂತಿದ್ದಾಳೆ, ನಿಮ್ಮ ಪತ್ರ ಅವಳ ಕಣ್ಣಿಗೆ ಬೀಳದಿರಲಿ ಎಂದು ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಎಂಟನೆಯದು ಸತ್ತಿದೆ. ಕೊಂದದ್ದು ನಾನು. ದಾರಿ ತೋರಿಸಿದ್ದು ನೀವು.

ಚಳಿಗಾಲವಿಡೀ ಆಮೆ ನಿದ್ದೆ ಹೋಗುತ್ತದಲ್ಲ, ಆಗ ಏನು ಮಾಡಲಿ ಎಂದು ಮೇಳದಲ್ಲಿ ನಿಮ್ಮನ್ನು ಕೇಳಿದೆ. ನೀವು ಬ್ರೆಡ್ಡು ಕೊಡುವಷ್ಟು ಸಲೀಸಾಗಿ ಹೇಳಿದಿರಿ: "ಫ್ರಿಜ್‌ನಲ್ಲಿ ಮಲಗಿಸಿ. ಐದು ಡಿಗ್ರಿಗೆ ಇಡಿ, ವಾರಕ್ಕೊಂದ್ಸಲ ಬಾಗ್ಲು ತೆಗ್ದು ಗಾಳಿ ಆಡ್ಸಿ, ಮಾರ್ಚ್ ತನಕ ಮರ್ತುಬಿಡಿ." ಅಡುಗೆಮನೆಯ ಫ್ರಿಜ್‌ನಲ್ಲಿ ಹ್ಯಾಮ್ ಪಕ್ಕ ಆಮೆ ಮಲಗುವುದು ಬೇಡ ಎಂದು ಜೊಫ್ಕಾ ಹೇಳಿದಳು. ಗ್ಯಾರೇಜಿನಲ್ಲಿದ್ದ ಹಳೆಯ ಫ್ರಿಜ್ ಒರೆಸಿ, ಐದು ಡಿಗ್ರಿಗೆ ಇಟ್ಟು, ಎಲೆ ತುಂಬಿದ ಡಬ್ಬಿಯಲ್ಲಿ ಮಲಗಿಸಿದೆ. ಜನವರಿಯಲ್ಲಿ ಚಳಿ ಕೊರೆಯತೊಡಗಿತು. ನಾನು ಆಸ್ಪತ್ರೆಗೆ ಓಡಾಡುತ್ತಿದ್ದೆ. ಒಂದು ಶನಿವಾರ ಗಾಳಿ ಆಡಿಸಲು ಬಾಗಿಲು ತೆಗೆದರೆ ಡಬ್ಬಿಯಲ್ಲಿದ್ದ ಎಲೆಗಳೆಲ್ಲ ಗಾಜಿನಂತಾಗಿದ್ದವು. ಫ್ರಿಜ್ ತಣ್ಣಗೆ ಮಾಡುತ್ತದೆ, ಬೆಚ್ಚಗೆ ಮಾಡುವುದಿಲ್ಲ. ಗ್ಯಾರೇಜೇ ಹೆಪ್ಪುಗಟ್ಟಿದರೆ ಅದರೊಳಗಿನ ಫ್ರಿಜ್ ಏನು ಮಾಡೀತು? ಬ್ರನೋ ಬಿಟ್ಟ ಮೇಲೆ ರೈಲ್ವೆ ವರ್ಕ್‌ಶಾಪಿನಲ್ಲಿ ಜೀವಮಾನವಿಡೀ ಬ್ರೇಕು ಕಂಪ್ರೆಸರು ಎಂದು ಕೂತಿದ್ದವನಿಗೆ ಇಷ್ಟು ಹೊಳೆಯಲಿಲ್ಲ.

ಹೂಳೋಣವೆಂದರೆ ನೆಲಕ್ಕೆ ಹಾರೆ ಇಳಿಯಲಿಲ್ಲ. ಬ್ರೆಡ್ಡಿನ ಚೀಲದಲ್ಲಿ ಸುತ್ತಿ ಫ್ರೀಜರ್‌ನಲ್ಲಿ ಬಟಾಣಿಯ ಕೆಳಗೆ ಇಟ್ಟೆ, ಮಣ್ಣು ಸಡಿಲವಾದ ಮೇಲೆ ನೋಡೋಣ ಎಂದು. ಮಣ್ಣು ಸಡಿಲವಾಯಿತು. ನನ್ನ ಕೈಲಾಗಲಿಲ್ಲ. ಈಗಲೂ ಅಲ್ಲೇ ಇದೆ.

ಆಸ್ಪತ್ರೆಯಲ್ಲಿ ಜೊಫ್ಕಾ ದಿನಾ ಕೇಳುತ್ತಿದ್ದಳು, "ಫಿಗಾ ಹೇಗಿದಾಳೆ?" "ಮಲಗಿದಾಳೆ" ಎನ್ನುತ್ತಿದ್ದೆ. ಸುಳ್ಳೇನೂ ಅಲ್ಲವಲ್ಲ ಎಂದುಕೊಳ್ಳುತ್ತಿದ್ದೆ. ಅವಳು ಮನೆಗೆ ಬರುವ ಹಿಂದಿನ ವಾರ ಗಡಿಯ ಕಡೆಯ ಹೆದ್ದಾರಿ ಹೋಟೆಲಿನ ಮುಂದೆ ಒಬ್ಬ ಸಿಕ್ಕ. ಕಾರಿನ ಡಿಕ್ಕಿಯಲ್ಲಿ ಟೊಮೇಟೊ ಪೆಟ್ಟಿಗೆಗಳ ಕೆಳಗೆ ಆಮೆಗಳಿದ್ದವು, ಒಂದರ ಮೇಲೊಂದು. ಅತಿ ಸಣ್ಣದನ್ನು ಆರಿಸಿದೆ. "ಕಾಗದ ಇದ್ಯಾ?" ಎಂದು ಕೇಳಿದೆ. "ಆಮೆ ಬೇಕಾ, ಕಾಗದ ಬೇಕಾ ಯಜಮಾನ್ರೇ?" ಎಂದ.

ಅವನಿಗೆ ಮೇಳವೂ ಇಲ್ಲ, ಮೇಜೂ ಇಲ್ಲ, ಬಾಗಿಲಲ್ಲಿ ಡಾಕ್ಟರೂ ಇಲ್ಲ. ನಿಮ್ಮ ಕಾನೂನು ಹಿಡಿದದ್ದು ಫೋಟೊ ಹಿಡಿದುಕೊಂಡು ತಾನಾಗಿ ಬಂದ ಕ್ಷೌರಿಕನನ್ನು. ನಾನು ಕಳ್ಳನಲ್ಲ ಎಂದು ಹೇಳುವ ಹಾಗಿಲ್ಲ. ವ್ಯಾಪಾರಿಯಂತೂ ಅಲ್ಲ. ಈ ಆಮೆಯನ್ನು ಒಯ್ದರೆ ನನ್ನ ಹೆಂಡತಿ ಕುರ್ಚಿ ಬಿಟ್ಟು ಏಳುವುದಿಲ್ಲ. ನನಗಿರುವ ಹೆದರಿಕೆ ಅದೊಂದೇ. ಈ ಪತ್ರವನ್ನೂ ನಿಮ್ಮ ಅಧಿಕಾರಿಯ ಮೇಜಿಗೆ ಹಾಕಬೇಕಾದರೆ ಹಾಕಿ.

ವಿಂಕೊ ಕೊರೆನ್


ಮಿಕುಲೊವ್
15 ಜೂನ್ 2024

ವಿಂಕೊ ಅವರೇ,

ನಿಮ್ಮನ್ನು ಕಳ್ಳಸಾಗಣೆದಾರ ಎಂದೆ. ಹೆಂಡತಿಯೇ ಇಲ್ಲವೇನೋ ಎಂದೆ. ಬರೆದ ಕೈ ಮುರಿದುಹೋಗಲಿ. ಕ್ಷಮಿಸಿ ಎಂದು ಕೇಳುವುದಕ್ಕೂ ನಾಚಿಕೆಯಾಗುತ್ತಿದೆ, ಆದರೂ ಕೇಳುತ್ತಿದ್ದೇನೆ.

ಫ್ರಿಜ್ಜಿನ ಮಾತು ನಿಜ. ಇಷ್ಟು ವರ್ಷದಲ್ಲಿ ಅದನ್ನು ಅದೆಷ್ಟು ಜನರಿಗೆ ಹೇಳಿದ್ದೇನೋ. ನನ್ನದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿದೆ. ಗ್ಯಾರೇಜಿನಲ್ಲಿ ಇಡಬೇಡಿ ಎಂದು ಒಬ್ಬರಿಗೂ ಹೇಳಿದವಳಲ್ಲ, ಯಾಕೆಂದರೆ ನನಗೇ ಅದು ತೋಚಿರಲಿಲ್ಲ. ನಮ್ಮಂಥವರು ಆಮೆಯನ್ನು ಬಲ್ಲೆವು, ಫ್ರಿಜ್ಜನ್ನು ಬಲ್ಲೆವು ಎಂದುಕೊಂಡಿರುತ್ತೇವೆ. ನಿಮ್ಮ ಪತ್ರ ಬಂದ ದಿನ ನನ್ನಿಂದ ಮರಿ ಕೊಂಡವರಿಗೆಲ್ಲ ಕಾರ್ಡು ಬರೆಯಲು ಕೂತೆ. ಇನ್ನೂ ಬರೆಯುತ್ತಿದ್ದೇನೆ.

ಈಗ ಕೆಲಸದ ಮಾತು. ಪತ್ರವನ್ನು ಯಾರಿಗೂ ತೋರಿಸಿಲ್ಲ. ಹೆಸರು ಹೇಳದೆ ಅಧಿಕಾರಿಯನ್ನು ವಿಚಾರಿಸಿದೆ, ಸತ್ತ ಆಮೆಯ ಹೊಟ್ಟೆಯೂ ಸಾಕ್ಷಿಯಾಗುತ್ತದೆಯೇ ಎಂದು. ಆಗುತ್ತದೆ ಎಂದಳು. ನೀವು ಎಂಟನೆಯದನ್ನೂ ಏಳನೆಯದರ ಹಳದಿ ಕಾಗದವನ್ನೂ ನಿಮ್ಮ ಕಡೆಯ ಕಚೇರಿಗೆ ಒಯ್ದರೆ ಅವರು ಫೋಟೊ ತೆಗೆದು ಇಲ್ಲಿಗೆ ಕಳಿಸುತ್ತಾರೆ. ಆದರೆ ಅವರು ಕೇಳುವ ಮೊದಲ ಪ್ರಶ್ನೆಯೇ, ಈಗ ಮನೆಯಲ್ಲಿ ಏನಿದೆ ಎಂದು. ಅದನ್ನು ಮುಚ್ಚಿಡಿ ಎಂದು ನಾನು ಹೇಳಲಾರೆ. ಹೇಳಿಬಿಡಿ ಎಂದು ಹೇಳುವುದಕ್ಕೂ ಬಾಯಿ ಬರುವುದಿಲ್ಲ.

ನಾನು ನಿಮ್ಮಿಂದ ಬಚ್ಚಿಟ್ಟದ್ದೂ ಒಂದಿದೆ. ಏಪ್ರಿಲ್‌ನಿಂದಲೂ ಗೊತ್ತಿತ್ತು. ಮಾರಾಟದ ಕರಾರಿನಲ್ಲಿ ಇರುವುದು ಕಾಗದದ ಸಂಖ್ಯೆ. ನೀವು ರುಜು ಹಾಕಿ ಕೊಂಡದ್ದು ಏಳನೆಯದನ್ನು, ಒತಾಕರ್ ಕೊಂಡದ್ದು ಎಂಟನೆಯದನ್ನು. ಅಂದರೆ ಕಾನೂನಿನ ಲೆಕ್ಕದಲ್ಲಿ ಸತ್ತದ್ದು ಒತಾಕರನ ಆಮೆ. ಮೃಗಾಲಯದಲ್ಲಿ ಬದುಕಿರುವ ಕ್ನೆಡ್ಲಿಕ್ ನಿಮ್ಮದು. "ಅದಲುಬದಲು ರುಜುವಾತಾದ್ರೆ ಬದುಕಿರೋದನ್ನ ಕೊರೆನ್ ಅವರಿಗೇ ಕೊಡ್ಬೇಕಾಗುತ್ತೆ ಮೇಡಂ, ಅವರು ಬಿಟ್ಟುಕೊಟ್ರೆ ಮಾತ್ರ ಪಾವ್ಲಾತ್‌ಗೆ" ಎಂದು ಅಧಿಕಾರಿ ಮೊದಲ ದಿನವೇ ಹೇಳಿದ್ದಳು. ಫೋಟೊ ಬರಲಿ, ಇಬ್ಬರ ಹತ್ತಿರವೂ ಮರಿ ಇದ್ದೇ ಇದೆ, ಆಮೇಲೆ ಒಂದು ರುಜು ಹಾಕಿಸಿಕೊಂಡರಾಯಿತು ಎಂದು ಸುಮ್ಮನಿದ್ದೆ. ನೀವು ಹಠ ಹಿಡಿದರೆ ಎಂಬ ಭಯವೂ ಇತ್ತು.

ಈಗ ನಿಮ್ಮ ಹತ್ತಿರ ಮರಿ ಇಲ್ಲ. ನೀವು ಬಯಸಿದರೆ ಜೊಫ್ಕಾ ಅವರಿಗೆ ಕಾಗದ ಸಮೇತ ಒಂದು ಆಮೆ ಸಿಗುತ್ತದೆ, ಅವರ ಫಿಗಾಳ ಒಡಹುಟ್ಟು. ಯಾರೂ ಪ್ರಶ್ನೆ ಮಾಡುವಂತಿಲ್ಲ. ಬೇರೆ ಮರಿ ಕೊಡೋಣವೆಂದರೆ ಜೂನ್ ಮುಗಿಯುವುದನ್ನೂ ಕಾಯದೆ ನನ್ನ ಎಲ್ಲ ಕಾಗದಗಳನ್ನೂ ಈ ವರ್ಷಕ್ಕೆ ತಡೆಹಿಡಿದಿದ್ದಾರೆ, ಸೆಪ್ಟೆಂಬರ್ ಮೇಜು ಹೋಯಿತು. ಒತಾಕರನಿಗೆ ನಿನ್ನೆ ಎಲ್ಲ ಹೇಳಿದೆ. ಅವನು ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ. "ಆಯಮ್ಮನಿಗೆ ಸೊಂಟ ಮುರ್ದಿದೆ ಅಂತೀಯ. ನಾನೇನು ಮಾತಾಡ್ಲಿ?" ಎಂದಷ್ಟೇ ಹೇಳಿ ನೊರೆ ಹಚ್ಚುತ್ತಲೇ ಇದ್ದ. ಗಿರಾಕಿಯ ಕಣ್ಣಿನವರೆಗೂ ಹಚ್ಚಿದ.

ಜೂನ್ ಮುಗಿಯುವುದರೊಳಗೆ ನಿಮ್ಮ ನಿರ್ಧಾರ ತಿಳಿಸಿ. ಯಾವುದಾದರೂ ನಾನು ದೂರುವುದಿಲ್ಲ.

ಯಾರ್ಮಿಲಾ


ಪ್ತುಯ್
25 ಜೂನ್ 2024

ಯಾರ್ಮಿಲಾ ಅವರೇ,

ಅಕ್ಷರ ನನ್ನದು, ಮಾತು ಜೊಫ್ಕಾಳದು. ಅವಳಿಗೆ ಚೆಕ್ ಬರೆಯಲು ಬಾರದು. ತಾನು ಹೇಳಿದ ಹಾಗೇ ಬರೆಯಬೇಕು, ಎಲ್ಲೂ ಸಕ್ಕರೆ ಬೆರೆಸಬಾರದು ಎಂದು ಎದುರಿಗೇ ಕೂತಿದ್ದಾಳೆ. ಇಲ್ಲಿಂದ ಮುಂದೆ ಅವಳೇ. ವಿಂಕೊ.

ನೋಡೀಮ್ಮಾ, ನಿಮ್ಮ ಪತ್ರ ಬಂದಾಗ ಇವನು ಅದನ್ನ ಮೇಜಿನ ಮೇಲಿಟ್ಟು ಪಕ್ಕದಲ್ಲಿ ಪೆಟ್ಟು ತಿನ್ನೋ ಹುಡುಗನ ಹಾಗೆ ನಿಂತ. "ಏನದು?" ಅಂದೆ. ನಿಮ್ಮ ಪತ್ರಾನೂ ಓದಿದ, ತಾನು ಬರೆದಿದ್ದೂ ಹೇಳಿದ, ಮೊದಲಿಂದ ಕೊನೇ ತನಕ. ಮಾರ್ಚಿಂದ ನಾನು ಆ ಫ್ರೀಜರ್‌ನಿಂದ ಬಟಾಣಿ ತೆಗ್ದು ಸೂಪ್ ಮಾಡ್ತಿದೀನಿ! ಎರಡು ದಿನ ಅವನ ಜೊತೆ ಮಾತಾಡ್ಲಿಲ್ಲ. ಮೂರನೇ ದಿನ ಬೈಯೋಕೆ ಅಂತ ಮಾತಾಡ್ದೆ. ಬರಿ ವಿಂಕೊ, ಇದನ್ನೂ ಬರಿ.

ಶುಕ್ರವಾರ ಇಬ್ಬರೂ ಕಚೇರಿಗೆ ಹೋದ್ವಿ. ನನ್ನ ಒಂದು ಕೈಲಿ ಊರುಗೋಲು, ಇನ್ನೊಂದು ಕೈಲಿ ಬದುಕಿರೋ ಆಮೆ ಇದ್ದ ಬೂಟಿನ ಡಬ್ಬಿ. ಅವನ ಕೈಲಿ ಬ್ರೆಡ್ಡಿನ ಚೀಲ. ಅಲ್ಲಿದ್ದ ಡಾಕ್ಟರು ಚೀಲ ಬಿಚ್ಚಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದ್ರು. ಎರಡು ಕಪ್ಪು ಪಟ್ಟಿ, ಎಲ್ಲೂ ತುಂಡಾಗಿಲ್ಲ. ಅದು ನಿಮ್ಮ ಎಂಟನೆಯದೇ. ಅವತ್ತೇ ನಿಮ್ಮ ಅಧಿಕಾರಿಗೆ ಕಳಿಸಿದಾರೆ. ಇವನಿಗೆ ದಂಡ ಬೀಳುತ್ತೆ, ಬೀಳ್ಲಿ. ಟೊಮೇಟೊ ಪೆಟ್ಟಿಗೆಯೋನ ಚಹರೆಯನ್ನೂ ಬರೆಸಿಕೊಂಡ್ರು. ಆಮೇಲೆ ಬೂಟಿನ ಡಬ್ಬಿ ಮುಚ್ಚಳ ತೆಗೆದ್ರು. ಇದು ದಕ್ಷಿಣದ ಗುಡ್ಡದ್ದು, ಆಶ್ರಯಧಾಮಕ್ಕೆ ಕಳಿಸ್ತೀವಿ, ಅಲ್ಲಿಂದ ಕಾಡಿಗೆ ಬಿಡೋದಾಗುತ್ತೋ ಇಲ್ವೋ ಹೇಳೋಕಾಗಲ್ಲ ಅಂದ್ರು.

ನಾನು ಈ ಆಮೆಯಿಂದ ಸುಖವಾಗಿದೀನಿ ಅಂತ ಇವನು ನಿಮಗೆ ಬರ್ದನಂತೆ. ಗಂಡಸರ ಕಣ್ಣು ಅಷ್ಟೇ ದೂರ ನೋಡೋದು. ನಾನು ಆಸ್ಪತ್ರೆಗೆ ಹೋಗೋ ಮುಂಚೆ ಫಿಗಾ ನನ್ನ ಚಪ್ಪಲಿ ಸದ್ದು ಕೇಳಿದ್ರೆ ಕತ್ತು ಚಾಚೋಳು, ಕೈಯಿಂದ್ಲೇ ಎಲೆ ತಿನ್ನೋಳು. ವಾಪಸ್ ಬಂದು ನೋಡಿದ್ರೆ ಮೈ ದೊಡ್ಡದಾಗಿದೆ. ಮುಟ್ಟಿದ್ರೆ ಬುಸ್ ಅಂತ ತಲೆ ಒಳಗೆ ಎಳ್ಕೊಳ್ಳುತ್ತೆ. "ಮಲಗಿದ್ದಾಗ ಬೆಳೀತಾವೆ" ಅಂದ ಇವನು. ನಂಬಿದೆ. ಇಷ್ಟು ವರ್ಷ ಇವನ ಮಾತು ನಂಬಿಯೇ ಅಭ್ಯಾಸ ನನಗೆ. ನಾನು ಬಿಟ್ಟುಹೋದೆ ಅಂತ ಅದಕ್ಕೆ ಮುನಿಸು ಅಂದ್ಕೊಂಡೆ. ದಿನಾ ಎದುರಿಗೆ ಕೂತು ಕ್ಷಮೆ ಕೇಳ್ತಿದ್ದೆ ಯಾರ್ಮಿಲಾ. ನಾನು ಅದರ ಜೊತೆ ಆಡ್ತಿದ್ದ ಮಾತು ಅದೊಂದೇ. "ಬೇಕೂಂತ ಬೀಳ್ಲಿಲ್ಲ ಕಣೇ, ಕಾಲು ಜಾರ್ತು, ಬಾರೇ" ಅಂತ. ಅದು ಬೆಳಗಿಂದ ಸಂಜೆ ತನಕ ದಕ್ಷಿಣದ ಬೇಲಿಗೆ ಮೂತಿ ಒತ್ತಿ ಕೆರೀತಾನೇ ಇರ್ತಿತ್ತು. ಉಗುರು ಸವೆದುಹೋಗಿತ್ತು. ಇವಳ ಮುನಿಸು ಯಾವತ್ತು ಮುಗಿಯುತ್ತೋ ಅಂತ ನಾನು ಅಳ್ತಾ ಕೂತಿದ್ದೆ. ಅದು ಮನೆಗೆ ಹೋಗೋ ದಾರಿ ಕೇಳ್ತಿತ್ತು ಅಷ್ಟೇ.

ಆಮೆ ಸತ್ತಿದ್ದಕ್ಕೆ ಇವನ ಮೇಲೆ ಕೋಪ ಇಲ್ಲ. ಆ ಗ್ಯಾರೇಜಲ್ಲಿ ಮನುಷ್ಯರೂ ಬದುಕಲ್ಲ. ಇಡೀ ವಸಂತ ನನ್ನನ್ನ ತಪ್ಪಿತಸ್ಥಳಾಗಿ ಕೂರಿಸಿದ್ದಕ್ಕೆ ಕೋಪ. (ಇದನ್ನು ಎರಡು ಸಲ ಬರೆಸಿದಳು. ಒಂದು ಹೊಡೆದುಹಾಕಿದ್ದೇನೆ. ವಿಂಕೊ.)

ಏಳನೆಯದರ ಹಳದಿ ಕಾಗದ, ಅದರ ಜೊತೆ ಇವನ ರುಜು ಹಾಕಿಸಿದ ಬಿಟ್ಟುಕೊಡೋ ಪತ್ರ, ಎರಡೂ ಈ ಲಕೋಟೆಯಲ್ಲಿವೆ. ಕ್ಷೌರಿಕರ ಹೆಸರು ಸರಿಯಾಗಿ ಬರೆದಿದಾನಾ ಅಂತ ನೋಡ್ಕೊಳ್ಳಿ. ಜೂನ್ ಮುಗಿಯೋದರೊಳಗೆ ತಲುಪಲಿ ಅಂತ ಎಕ್ಸ್‌ಪ್ರೆಸ್ ಅಂಚೆಗೆ ನಾನೇ ಹೋಗಿ ಹಾಕ್ತೀನಿ. ಹೌದು, ಕುರ್ಚಿ ಬಿಟ್ಟು ಎದ್ದು, ನನ್ನ ಕಾಲಲ್ಲಿ.

ಮೃಗಾಲಯದಲ್ಲಿರೋ ಆ ಆಮೆ ಕಾನೂನಿನ ಪ್ರಕಾರ ನಮ್ಮದು ಅಂತ ಬರೆದಿದೀರಿ, ಗೊತ್ತಾಯ್ತು. ಆದ್ರೆ ಅದಕ್ಕೆ ಗೊತ್ತಿರೋದು ಆ ಕ್ಷೌರಿಕರ ಕಿಟಕಿ, ಅವರ ಕತ್ತರಿ ಸದ್ದು. ಬೇಲಿ ಕೆರೆಯೋ ಆಮೇನ ಒಂದು ವಸಂತ ಪೂರ್ತಿ ನೋಡಿದೀನಿ. ಇನ್ನೊಂದನ್ನ ನನ್ನ ಕೈಲಿ ನೋಡೋಕಾಗಲ್ಲ.

ಜೊಫ್ಕಾ ಕೊರೆನ್